ಗಾಜಿನ ಪೆಟ್ಟಿಗೆಯ ನೀರುಗಂಟಿ

ನಾಗೇಂದ್ರಪ್ಪನಿಗೆ ಯಾರ ಬಾಯಿಗೂ ಹೆದರಿ ಗೊತ್ತಿರಲಿಲ್ಲ. ಬಾಯಿಯೇ ಅವನ ಕಸುಬು. ಚನ್ನಗಿರಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅಂಗಡಿ ಇಟ್ಟುಕೊಂಡು, ತಾಲ್ಲೂಕಿನ ಅರ್ಧ ಮುದುಕರಿಗೆ ಹಲ್ಲಿನ ಸೆಟ್ಟು ಕಟ್ಟಿಕೊಟ್ಟವನು. ಡಾಕ್ಟರೇನೂ ಅಲ್ಲ. ಹೊನ್ನಾಳಿಯಲ್ಲಿ ಹಲ್ಲು ಕಟ್ಟುವ ಹಳಬರೊಬ್ಬರ ಕೈಕೆಳಗೆ ಮೇಣ ಕರಗಿಸುತ್ತ, ಪ್ಲಾಸ್ಟರ್ ಕಲಸುತ್ತ ಕಲಿತದ್ದು. ಆದರೂ ಜನ ಡಾಕ್ಟ್ರೇ ಅಂತಲೇ ಕರೆಯುತ್ತಿದ್ದರು. ಹಾಗೆ ಕರೆಯುವವರ ಬಾಯಲ್ಲಿ ತಾನು ಕಟ್ಟಿದ ಹಲ್ಲೇ ಇರುತ್ತಿದ್ದುದರಿಂದ ಇವನೂ ಬೇಡ ಅನ್ನುತ್ತಿರಲಿಲ್ಲ. ಅಂಥವನಿಗೆ ಅರವತ್ತು ದಾಟಿದ ಮೇಲೆ, ಒಂದು ಗಾಜಿನ ಪೆಟ್ಟಿಗೆಯ ದೆಸೆಯಿಂದ, ಊರಿನವರು ಬಾಯಿ ತೆರೆದರೆ ಸಾಕು ಮೈಯೆಲ್ಲ ಉರಿಯುವಂತಾಯಿತು.

ಪೆಟ್ಟಿಗೆಯ ಕಥೆ ಶುರುವಾದದ್ದು ಹೀಗೆ. ತ್ಯಾವಣಿಗೆ ದಾಟಿ ಒಳಗೆ ಹೋದರೆ ಸಿಗುವ ಮುತ್ತಿನಕಟ್ಟೆ ಅವನ ಹುಟ್ಟೂರು. ಅಲ್ಲೊಂದು ಕೆರೆ. ಸೂಳೆಕೆರೆ ನೋಡಿದವರು ಅದನ್ನು ಕೆರೆ ಅಂದರೆ ನಕ್ಕಾರು. ಆದರೆ ಊರಿನ ಗದ್ದೆಗೂ ತೋಟಕ್ಕೂ ಅದೇ ನೀರು. ಈಚೆಗೆ ಅದರ ಹೂಳು ತೆಗೆಸಿ, ಏರಿಯ ತುದಿಯಲ್ಲಿ ಕೆರೆ ಸಂಘದವರು ಸಭಾಭವನ ಒಂದನ್ನು ಕಟ್ಟಿದರು. ಸಂಘದ ಅಧ್ಯಕ್ಷ ಗುರುಬಸವರಾಜ್, ಅಡಿಕೆ ತೋಟದ ಕುಳ, ತನ್ನ ತಾಯಿಯ ಹಲ್ಲಿನ ಸೆಟ್ಟು ಸಡಿಲವಾಯಿತೆಂದು ಅಂಗಡಿಗೆ ಬಂದವನು ಶೆಲ್ಫಿನ ಮೇಲಿದ್ದ ಮೇಣದ ಗೊಂಬೆಗಳನ್ನು ಕಂಡ. ಗಿರಾಕಿ ಇಲ್ಲದ ಹೊತ್ತಿನಲ್ಲಿ ನಾಗೇಂದ್ರಪ್ಪ ಮಾಡಿಟ್ಟವು: ಬೆರಳುದ್ದದ ಮನುಷ್ಯರು, ಒಂದು ಜೋಡಿ ಎತ್ತು, ನೀರು ಸೇದುವ ಹೆಂಗಸು. ಅಧ್ಯಕ್ಷ ಅವನ್ನು ಎತ್ತಿ ಎತ್ತಿ ನೋಡಿದ. ಭವನದ ಗೋಡೆಯಲ್ಲಿ ಬೀರುವಿನಷ್ಟು ಅಗಲದ ಗೂಡು ಬಿಡಿಸಿದ್ದೇವೆ, ನಮ್ಮ ಹಿರಿಯರು ಒಡೆದ ಕೆರೆ ನಿಲ್ಲಿಸಿದ್ದನ್ನು ಅದರೊಳಗೆ ಗೊಂಬೆಗಳಲ್ಲೇ ಮಾಡಿ ಇಟ್ಟುಬಿಡು, ಮುಂದೆ ಗಾಜು ಹಾಕಿಸೋಣ ಎಂದ.

ಆ ಕೆರೆ ಒಡೆದ ಕಥೆ ಮುತ್ತಿನಕಟ್ಟೆಯಲ್ಲಿ ಗೊತ್ತಿಲ್ಲದವರಿಲ್ಲ. ನಾಗೇಂದ್ರಪ್ಪ ಹುಟ್ಟುವ ಮುಂಚಿನ ವರ್ಷ, ಜಡಿಮಳೆಯ ಒಂದು ಹಗಲು ಏರಿ ಬಾಯಿ ಬಿಟ್ಟಿತು. ಊರಿಗೆ ಊರೇ ಓಡಿಬಂದು ಜಾಲಿಮುಳ್ಳು, ಹುಲ್ಲಿನ ಹೊರೆ, ಮಣ್ಣಿನ ಚೀಲ, ಕೊನೆಗೆ ಮನೆಯ ಬಾಗಿಲು ಕಿತ್ತು ತಂದು ಬಾಯಿಗೆ ತುರುಕಿ, ಹೆಗಲಿಗೆ ಹೆಗಲು ಕೊಟ್ಟು ನಿಂತು ನೀರು ತಡೆದರು. ಇದು ಊರು ಹೇಳುವ ಕಥೆ. ಕಥೆಗೆ ಒಂದು ಬಾಲವೂ ಇತ್ತು. ಕೆರೆಯ ತೂಬು ಕಾಯುವ ನೀರುಗಂಟಿ ಆವತ್ತು ಊರಲ್ಲೇ ಇರಲಿಲ್ಲ, ನ್ಯಾಮತಿಯಲ್ಲಿ ಮಾವನ ಮನೆಯಲ್ಲಿ ಉಂಡು ಮಲಗಿದ್ದ, ಅವನಿದ್ದು ಹೊತ್ತಿಗೆ ಸರಿಯಾಗಿ ತೂಬು ಎತ್ತಿದ್ದರೆ ಏರಿ ಒಡೆಯುತ್ತಲೇ ಇರಲಿಲ್ಲ ಅನ್ನುವುದು.

ಆ ನೀರುಗಂಟಿ ಸಣ್ಣಪ್ಪ. ನಾಗೇಂದ್ರಪ್ಪನ ಅಪ್ಪ.

ಅವ್ವ ಅಂತರಘಟ್ಟಮ್ಮ ಸಾಯುವವರೆಗೂ ಬೇರೆಯೇ ಹೇಳುತ್ತಿದ್ದಳು. ಹೋಗಿದ್ದು ಹೌದು, ಆದರೆ ಮೋಡ ಕಂಡವನೇ ಉಣ್ಣುವ ತಟ್ಟೆ ಬಿಟ್ಟು ಎದ್ದು, ಮಳೆಯಲ್ಲೇ ದಾರಿ ಸವೆಸಿ ಬಂದ, ಎದೆಮಟ್ಟದ ನೀರಲ್ಲಿ ಎಲ್ಲರ ಜೊತೆ ನಿಂತ. ಅವಳು ಇದನ್ನು ಯಾರದೋ ಗದ್ದೆಯಲ್ಲಿ ಕಳೆ ಕೀಳುತ್ತ ಹೇಳಿದರೆ ಪಕ್ಕದ ಸಾಲಿನವರು ಹ್ಞೂಂ ಅನ್ನುತ್ತಿದ್ದರು, ಅಷ್ಟೇ. ಸಣ್ಣಪ್ಪ ಸತ್ತಾಗ ನಾಗೇಂದ್ರಪ್ಪ ಇನ್ನೂ ಅಂಬೆಗಾಲಿಡುತ್ತಿದ್ದ. ಅಪ್ಪನ ಮುಖ ನೆನಪಿಲ್ಲ. ಒಂದು ಫೋಟೋ ಸಹ ಇಲ್ಲ.

ಹಾಗಾಗಿ ಅಧ್ಯಕ್ಷ ಪೆಟ್ಟಿಗೆಯ ಮಾತೆತ್ತಿದಾಗ ನಾಗೇಂದ್ರಪ್ಪ ಎರಡನೆಯ ಮಾತಾಡದೆ ಒಪ್ಪಿದ. ಊರಿನ ಬಾಯಲ್ಲಿ ಜಾಗ ಸಿಗದ ಅಪ್ಪನನ್ನು ಊರಿನ ಗೋಡೆಯೊಳಗೆ, ಆ ಸಾಲಿನಲ್ಲಿ, ಎಲ್ಲರ ನಡುವೆ ನಿಲ್ಲಿಸಬೇಕು. ಅವನಿಗೆ ಬೇಕಾದದ್ದು ಇದೊಂದೇ. ಹೆಂಡತಿ ಅಂಜಮ್ಮನಿಗೆ ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ. ಅವಳು ಅಕ್ಕಿ ಆರಿಸುತ್ತ ಒಂದೇ ಮಾತು ಕೇಳಿದಳು, "ಒಬ್ಬ ಮಾವನ್ನ ನಿಲ್ಸಾಕೆ ಊರೆಲ್ಲಾ ನಿಲ್ಸಬೇಕೇನ್ರಿ?"

ಕೆಲಸ ಹಿಡಿದ. ಹಲ್ಲಿನ ತಂತಿ ಬಗ್ಗಿಸಿ ಎಲುಬು ಮಾಡಿದ, ಮೇಲೆ ಮೇಣ ಹತ್ತಿಸಿ ಮೈ ತಿದ್ದಿದ, ಪ್ಲಾಸ್ಟರಿನಲ್ಲಿ ಅಚ್ಚು ತೆಗೆದ, ಅಚ್ಚಿಗೆ ವಸಡು ಮಾಡುವ ಗುಲಾಬಿ ಪುಡಿ ಕಲಸಿ ತುಂಬಿದ. ಬಣ್ಣ ಹಚ್ಚುವವರೆಗೂ ಊರಿನ ಹಿರಿಯರೆಲ್ಲ ವಸಡಿನ ಬಣ್ಣದಲ್ಲಿ ಸಾಲಾಗಿ ನಿಂತಿರುತ್ತಿದ್ದರು. ಕೆರೆಯ ಮಣ್ಣನ್ನೇ ತಂದು ಅಂಜಮ್ಮನ ಹಿಟ್ಟಿನ ಜರಡಿಯಲ್ಲಿ ಆಡಿಸಿದ. ಜರಡಿ ಹಾಳಾಯಿತೆಂದು ಮನೆಯಲ್ಲಿ ಒಂದು ವಾರ ರೊಟ್ಟಿ ನಿಂತಿತು. ಬ್ಯಾಂಡೇಜ್ ಬಟ್ಟೆಯಲ್ಲಿ ಮಣ್ಣಿನ ಚೀಲಗಳು, ತೆಂಗಿನ ನಾರಿನಲ್ಲಿ ಬುಟ್ಟಿಗಳು. ಬಣ್ಣವಿಲ್ಲದ ಪುಡಿ ಕಲಸಿ ಎರೆದು ಕೆರೆಯ ನೀರನ್ನು ಪೆಟ್ಟಿಗೆಯ ಹಿಂಬದಿಗೆ ಇಟ್ಟ. ಜನರೆಲ್ಲ ಒಡೆದ ಬಾಯಿಗೆ ಎದೆ ಕೊಟ್ಟು ಆ ಕಡೆ ಮುಖ ಮಾಡಿ ನಿಂತರು. ಗಾಜಿನ ಈಚೆಯಿಂದ ನೋಡುವವರಿಗೆ ಕಾಣುವುದು ಬೆನ್ನು ಮಾತ್ರ. ನೆನೆದ ಅಂಗಿಯೊಳಗಿನ ಬೆನ್ನುಗಳು, ಬಿಗಿದ ಮೀನಖಂಡಗಳು, ಕೆಸರಿನಲ್ಲಿ ಹೂತ ಹಿಮ್ಮಡಿಗಳು.

ಅದರಲ್ಲಿ ಒಂದು ಲೆಕ್ಕಾಚಾರವೂ ಇತ್ತು ಅನ್ನಿ. ಬೆನ್ನಿಗೆ ಫೋಟೋ ಬೇಡ. ಯಾರ ಬೆನ್ನು ಯಾರದೆಂದು ಯಾರೂ ಕೇಳುವುದಿಲ್ಲ. ನಡುವಿನ ಬೆನ್ನು ಸಣ್ಣಪ್ಪನದು ಅಂತ ತನಗೆ ಗೊತ್ತಿದ್ದರೆ ಸಾಕು.

ಪೆಟ್ಟಿಗೆ ನೋಡಲು ಗುರುಬಸವರಾಜ್ ಸಂಘದವರನ್ನು ಕರೆದುಕೊಂಡು ಅಂಗಡಿಗೆ ಬಂದ. ಎಲ್ಲರೂ ಬಗ್ಗಿ ನೋಡಿದರು, ಬುಟ್ಟಿಯ ಹೆಣಿಗೆಯನ್ನು ಹೊಗಳಿದರು, ಜಾಲಿಮುಳ್ಳು ಎಲ್ಲಿಂದ ತಂದೆ ಎಂದು ಕೇಳಿದರು. ಆಮೇಲೆ ಸಂಘದ ಖಜಾಂಚಿ ಪಾಲಣ್ಣ ಪೆಟ್ಟಿಗೆಯನ್ನು ಒಂದು ಸುತ್ತು ಹಾಕಿ ಬಂದು, ಇದರಲ್ಲಿ ನಮ್ಮಜ್ಜ ಯಾರು ಅಂದ. ನಾಗೇಂದ್ರಪ್ಪ ಒಂದು ಬೆನ್ನು ತೋರಿಸಿದ. ಪಾಲಣ್ಣ ಅದನ್ನು ಎಷ್ಟೋ ಹೊತ್ತು ನೋಡಿದ. ಮಗಳ ಮದುವೆಗೆ ತೋರಿಸಿದ ವರನನ್ನೂ ಅವನು ಅಷ್ಟು ಹೊತ್ತು ನೋಡಿರಲಿಲ್ಲ.

"ನಮ್ಮಜ್ಜನ ಮುಖ ಎಲ್ಲಿ ಐತೆ?"

"ಆ ಕಡೆ ಐತೆ. ನೀರಿನ ಕಡೆ."

"ಅಲ್ಲಪ್ಪಾ, ಮದುವೇಲಿ ಗ್ರೂಪ್ ಫೋಟೋ ಹೊಡಿಬೇಕಾದ್ರೆ ಹಿಂದೆ ತಿರುಗಿ ನಿಂತ್ಕೊಂತಾರೇನು?"

ಗುರುಬಸವರಾಜನಿಗೆ ಅಲ್ಲಿಯವರೆಗೆ ಏನೋ ಸರಿಯಿಲ್ಲ ಅನ್ನಿಸಿತ್ತೇ ಹೊರತು ಏನೆಂದು ಹೊಳೆದಿರಲಿಲ್ಲ. ಪಾಲಣ್ಣನ ಮಾತಿನಿಂದ ದಾರಿ ಸಿಕ್ಕಿತು. ಅವನು ದನಿ ತಗ್ಗಿಸಿ, ಸಮಾಧಾನದಿಂದಲೇ ಹೇಳಿದ, "ನೋಡಪ್ಪ ನಾಗೇಂದ್ರಪ್ಪ. ನಾಳೆ ದಿನ ಉದ್ಘಾಟನೆಗೆ ದೊಡ್ಡದೊಡ್ಡೋರು ಬರ್ತಾರೆ. ಬಂದೋರಿಗೆಲ್ಲಾ ನಮ್ಮ ಹಿರೇರು ಕುಂಡಿ ತೋರಿಸ್ತಾ ನಿಂತಿದ್ರೆ ಏನು ಚೆಂದ?"

ನಾಗೇಂದ್ರಪ್ಪ ತಾಳ್ಮೆಯಿಂದ ವಿವರಿಸಿದ. ನೀರು ಇರುವುದು ಆ ಕಡೆ. ನೀರು ತಡೆಯುವವನು ನೀರಿನ ಕಡೆ ನೋಡುತ್ತಾನೆ. ಈ ಕಡೆ ತಿರುಗಿದರೆ ಕೊಚ್ಚಿಕೊಂಡು ಹೋಗುತ್ತಾನೆ. ಇದನ್ನು ಒಬ್ಬರಿಗಾದ ಮೇಲೆ ಒಬ್ಬರಿಗೆ ಹೇಳಿದ. ಕೇಳಿದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿ, ಕೊನೆಗೆ, ಆದರೂ ಮುಖ ಕಾಣಬೇಕಲ್ಲ ಅಂದರು. ಒಬ್ಬನಂತೂ, ಎಲ್ಲರೂ ಇರೋ ಹಾಗೇ ಇರಲಿ, ಕತ್ತು ಒಂದನ್ನು ಹಿಂದಕ್ಕೆ ತಿರುಗಿಸಿಬಿಡು ಎಂದು ಸಲಹೆ ಕೊಟ್ಟ. ಆವತ್ತು ನಾಗೇಂದ್ರಪ್ಪನಿಗೆ ತಾನು ಕಟ್ಟಿಕೊಟ್ಟ ಹಲ್ಲುಗಳನ್ನೆಲ್ಲ ವಾಪಸ್ ಇಸಿದುಕೊಳ್ಳಬೇಕು ಅನ್ನಿಸಿತು.

ಪೆಟ್ಟಿಗೆಯನ್ನು ಹಿಂದುಮುಂದು ಮಾಡಿ ಇಡೋಣವೆಂದರೆ ಪೆಟ್ಟಿಗೆಗೆ ಒಂದೇ ಬಾಯಿ, ಹಿಂಬದಿ ಪೂರಾ ಹಲಗೆ. ಉಳಿದದ್ದು ಒಂದೇ ದಾರಿ, ಎಲ್ಲವನ್ನೂ ಕಿತ್ತು ತಿರುಗಿಸಿ ಕಟ್ಟುವುದು. ನೀರು ಗಾಜಿನ ಹತ್ತಿರ, ಜನ ಅದರ ಹಿಂದೆ ಗಾಜಿಗೆ ಮುಖ ಮಾಡಿ, ಅವರ ಬೆನ್ನ ಹಿಂದೆ ಊರು. ಅಂದರೆ ನೋಡುವವರು ನಿಲ್ಲುವುದು ನೀರಿನ ಜಾಗದಲ್ಲಿ. ಇದು ಮೊದಲಿನದಕ್ಕಿಂತ ಚೆನ್ನಾಗಿಯೇ ಇದೆ ಎಂದು ಕೈಗೆ ಗೊತ್ತಾದಾಗ ನಾಗೇಂದ್ರಪ್ಪನಿಗೆ ಇನ್ನಷ್ಟು ಸಿಟ್ಟು ಬಂತು. ಪಾಲಣ್ಣನಂಥವನ ತಕರಾರಿನಿಂದ ಒಳ್ಳೆಯದಾಯಿತೆಂದರೆ ಯಾರಿಗೆ ತಾನೇ ಸಹಿಸುತ್ತದೆ? ಒಣಗಿದ ಮಣ್ಣನ್ನು ಚಮಚದಿಂದ ಕೆರೆದು ಕೆರೆದು ತೆಗೆದ. ಮೊದಲು ಹಾಕಿದ ನೀರು ಗಟ್ಟಿಯಾಗಿ ಹಲಗೆಗೆ ಕಚ್ಚಿಕೊಂಡಿತ್ತು. ಉಳಿಯಿಂದ ಎಬ್ಬಿಸಲು ಹೋದರೆ ಹಲಗೆಯೇ ಸೀಳಿತು.

ಮುಖ ಬೇಕು ಎಂದ ಮೇಲೆ ಫೋಟೋಗಳು ಬರತೊಡಗಿದವು. ಗೋಡೆಯಿಂದ ಇಳಿಸಿದ, ಹಾರ ಹಾಕಿದ್ದ, ಕುಂಕುಮ ಹಚ್ಚಿದ್ದ ಫೋಟೋಗಳು. ಎಲ್ಲವೂ ಸಾಯುವ ಕಾಲದವು. ಬೊಚ್ಚು ಬಾಯಿ, ಗುಳಿಬಿದ್ದ ಕೆನ್ನೆ. ಆ ಮುಖಗಳಿಗೆ ಹಲ್ಲು ತುಂಬಿ, ಕೆನ್ನೆ ಎತ್ತಿ, ಅವರನ್ನು ಪ್ರಾಯಕ್ಕೆ ತರಬೇಕು. ಅದು ಅವನ ಕಸುಬೇ, ಅದಕ್ಕೆ ಬೇಜಾರಿರಲಿಲ್ಲ. ಬೇಜಾರು ಜೊತೆಗೆ ಬರುವ ಮಾತಿಗೆ. ನಮ್ಮ ತಾತನಿಗೆ ಕೈಗಡಿಯಾರ ಇತ್ತು, ಕಾಣುವಂತೆ ಮಾಡು. ನಮ್ಮಪ್ಪ ಸೈಜುಗಲ್ಲು ಎತ್ತುತ್ತಿದ್ದವನು, ತೋಳು ದಪ್ಪ ಇರಲಿ. ಒಬ್ಬ ತನ್ನದೇ ಫೋಟೋ ಕೊಟ್ಟು, ಎಲ್ಲರೂ ನಾನು ಅಜ್ಜನ ಹಾಗೇ ಅಂತಾರೆ, ಇದನ್ನೇ ನೋಡಿ ಮಾಡು ಅಂದ. ಪಾಲಣ್ಣನ ಅಜ್ಜನಿಗೆ ಜರಿಪೇಟ, ಕರಿಕೋಟು ಬೇಕಂತೆ. ಸೊಂಟದ ಮಟ್ಟ ಕೆಸರು, ಮೇಲೆ ಜರಿಪೇಟ. ಗುರುಬಸವರಾಜನ ಅಜ್ಜ ಎಲ್ಲರಿಗಿಂತ ಮುಂದೆ, ಕೈ ಚಾಚಿ ಅಪ್ಪಣೆ ಕೊಡುತ್ತಿರಬೇಕು. ಎಲ್ಲರ ಮೀಸೆಯೂ ತೀಡಿರಬೇಕು, ತಲೆ ಬಾಚಿರಬೇಕು. ನಾಗೇಂದ್ರಪ್ಪ ಕೇಳಿದ್ದಕ್ಕೆಲ್ಲ ಹ್ಞೂಂ ಅಂದ. ಯಾರ ಅಜ್ಜ ಆವತ್ತು ಅಲ್ಲಿದ್ದ, ಯಾರ ಅಜ್ಜ ಅಟ್ಟದ ಮೇಲೆ ಕೂತಿದ್ದ ಎಂದು ಅವನು ಯಾರನ್ನೂ ಕೇಳಲಿಲ್ಲ. ಯಾರೂ ಯಾರನ್ನೂ ಕೇಳಲಿಲ್ಲ.

ಇಷ್ಟಾದರೂ ಅಪ್ಪನ ಮುಖ ಮಾತ್ರ ಕೈಗೆ ಬರಲಿಲ್ಲ. ಅವ್ವ ಹೇಳಿದ್ದು ಇಷ್ಟೇ, ನಿನ್ನ ದವಡೆ ಅಪ್ಪನದು ಎಂದು. ಕನ್ನಡಿ ಮುಂದೆ ಕೂತು ತನ್ನ ದವಡೆ ನೋಡಿಕೊಂಡು ತಿದ್ದಿದ. ಬಂದದ್ದು ಹರೆಯದ ನಾಗೇಂದ್ರಪ್ಪ. ಮೂಗು ಬದಲಿಸಿದ, ನಾಗೇಂದ್ರಪ್ಪನೇ ಬೇರೆ ಮೂಗು ಹಾಕಿಕೊಂಡು ಬಂದಂತಾಯಿತು. ಮೀಸೆ ಕೂಡಿಸಿದ, ನಾಟಕಕ್ಕೆ ಹೊರಟಂತಾಯಿತು. ಎಷ್ಟು ತಲೆಗಳನ್ನು ಹಿಂಡಿ ಮತ್ತೆ ಮೇಣದ ಡಬ್ಬಿಗೆ ಹಾಕಿದನೋ ಅವನಿಗೇ ಗೊತ್ತು. ಕಂಡವರ ಅಜ್ಜಂದಿರನ್ನೆಲ್ಲ ಎಬ್ಬಿಸಿ ನಿಲ್ಲಿಸಿದ ಕೈಗೆ ಸ್ವಂತ ಅಪ್ಪ ಸಿಗಲಿಲ್ಲವೆಂದು ಒಂದು ಸಂಜೆ ಮೇಣದ ಚಾಕುವನ್ನು ಗೋಡೆಗೆ ಎಸೆದ. ಅಂಜಮ್ಮ ಬಂದು ಚಾಕು ಹೆಕ್ಕಿಕೊಟ್ಟು, ಊಟಕ್ಕೆ ಏಳಿ ಅಂದಳು.

ಕೊನೆಗೆ ಒಂದು ಗೋಣಿಚೀಲ ಮಾಡಿದ. ಮಳೆಗಾಲದಲ್ಲಿ ಗದ್ದೆ ಕೆಲಸದವರು ಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ಮಡಚಿ ತಲೆಯ ಮೇಲಿಂದ ಇಳಿಬಿಟ್ಟುಕೊಳ್ಳುತ್ತಾರಲ್ಲ, ಆ ಕೊಪ್ಪೆ. ಬ್ಯಾಂಡೇಜ್ ಬಟ್ಟೆಗೆ ಕಂದು ಬಣ್ಣ ಹಚ್ಚಿ ಸಣ್ಣಪ್ಪನ ತಲೆಯ ಮೇಲೆ ಹಣೆ ದಾಟಿ ಇಳಿಸಿದ. ಒಳಗೆ ಕತ್ತಲೆ. ಕೆಳಗೆ ಒಂದಿಷ್ಟು ದವಡೆ. ಎದೆಮಟ್ಟ ನೀರು. ಸರಿಯಾಗಿ ಬಾಯಿಯ ನಡುವೆ ನಿಲ್ಲಿಸಿದ.

ಮತ್ತೆ ಸಂಘದವರು ಬಂದರು. ಎಲ್ಲರೂ ತಂತಮ್ಮ ಹಿರಿಯರನ್ನು ಗುರುತು ಹಿಡಿದರು. ಪಾಲಣ್ಣನಿಗೆ ಜರಿಪೇಟ ನೋಡಿ ಕಣ್ಣಲ್ಲಿ ನೀರೇ ಬಂತು. ಗುರುಬಸವರಾಜ್ ಮಾತ್ರ ನಡುವಿಗೆ ಬೆರಳು ಮಾಡಿದ.

"ಇದ್ಯಾರು, ಕೊಪ್ಪೆ ಹಾಕ್ಕೊಂಡೋನು?"

"ನಮ್ಮಪ್ಪ."

ಪಾಲಣ್ಣ ಕಣ್ಣೊರೆಸಿಕೊಳ್ಳುವುದನ್ನು ನಿಲ್ಲಿಸಿದ. ಅಧ್ಯಕ್ಷ ಗಂಟಲು ಸರಿಮಾಡಿಕೊಂಡು, ನಿಮ್ಮಪ್ಪ ಆವತ್ತು ಊರಲ್ಲೇ ಇರಲಿಲ್ಲವಂತಲ್ಲಪ್ಪ, ಎಲ್ಲರೂ ಹೇಳುವುದು ಹಾಗೇ ಅಲ್ಲವಾ ಅಂದ. ಬಂದಿದ್ದರು ಎಂದ ನಾಗೇಂದ್ರಪ್ಪ. ನೋಡಿದವರು ಯಾರಿದ್ದಾರೆ ಎಂದು ಅಧ್ಯಕ್ಷ. ನಾಗೇಂದ್ರಪ್ಪ ಇಷ್ಟು ತಿಂಗಳು ನುಂಗಿಕೊಂಡದ್ದೆಲ್ಲ ಹೊರಗೆ ಬಂತು.

"ನಿಮ್ಮಜ್ಜನ್ನ ನೋಡಿದೋರು ಯಾರಿದಾರೆ, ಅಧ್ಯಕ್ಷರೇ? ಪಾಲಣ್ಣನ ಅಜ್ಜನ ಜರಿಪೇಟ ನೋಡಿದೋರು ಯಾರು? ಅದನ್ನ ನಾನು ಕೇಳಿದ್ನಾ?"

ಜಗಳ ಜೋರಾಗುವ ಹಾಗಿತ್ತು. ಯಾರೋ ಒಬ್ಬರು, ಸಿದ್ದಲಿಂಗಮ್ಮನನ್ನು ಕೇಳೋಣ ಅಂದರು. ಆ ಹಗಲು ಕಣ್ಣಾರೆ ಕಂಡವರಲ್ಲಿ ಬದುಕಿರುವವಳು ಅವಳೊಬ್ಬಳೇ. ಎಂಬತ್ತು ದಾಟಿದೆ, ಬುದ್ಧಿ ಚುರುಕಾಗಿದೆ. ಅವಳನ್ನು ಕೇಳುವ ಯೋಚನೆ ನಾಗೇಂದ್ರಪ್ಪನಿಗೆ ಎಷ್ಟೋ ಸಲ ಬಂದಿತ್ತು. ಅವಳು ಇಲ್ಲ ಅಂದುಬಿಟ್ಟರೆ ಎಂದು ಕೇಳಿರಲಿಲ್ಲ.

ಮರುದಿನವೇ ಎಲ್ಲರೂ ಅವಳ ಜಗಲಿಯಲ್ಲಿ ಸೇರಿದರು. ನಾಗೇಂದ್ರಪ್ಪ ಪೆಟ್ಟಿಗೆಯನ್ನು ಆಟೋದಲ್ಲಿ ಹೇರಿಕೊಂಡು ಹೋಗಿ ಅವಳ ಮುಂದೆ ಇಟ್ಟ. ಅಜ್ಜಿ ಎಲೆ ಅಡಿಕೆ ಕುಟ್ಟುತ್ತಿದ್ದಳು. ಅವನನ್ನು ಕಂಡವಳೇ, ನೀನು ಕಟ್ಟಿಕೊಟ್ಟ ಹಲ್ಲು ಡಬ್ಬಿಯಲ್ಲಿದೆ, ಹಾಕಿಕೊಂಡರೆ ನನ್ನನ್ನೇ ಕಚ್ಚುತ್ತೆ ಎಂದು ದೂರಿದಳು. ಆಮೇಲೆ ಪೆಟ್ಟಿಗೆಯೊಳಗೆ ಬಗ್ಗಿ ಬಹಳ ಹೊತ್ತು ನೋಡಿದಳು.

"ಹೆಂಗಸ್ರು ಎಲ್ಲಿ?"

ಬುಟ್ಟಿ ಹೊತ್ತವರು ನಾವು, ಮಣ್ಣು ತುಂಬಿದವರು ನಾವು, ಈ ಗಂಡಸರು ನಿಂತ ಕಡೆಯೇ ನಿಂತಿದ್ದರು, ನಮ್ಮನ್ನು ಎಲ್ಲಿಟ್ಟೆ ಎಂದು ಅಜ್ಜಿ ನಾಗೇಂದ್ರಪ್ಪನನ್ನೇ ಹಿಡಿದುಕೊಂಡಳು. ಅವನಿಗೆ ತಲೆ ಎತ್ತಲಾಗಲಿಲ್ಲ. ಅಪ್ಪ, ಅಪ್ಪ ಎಂದು ಒದ್ದಾಡಿದವನಿಗೆ ಒಂದು ಸೀರೆ ಸಹ ನೆನಪಾಗಿರಲಿಲ್ಲ. ಮಾಡುತ್ತೇನೆ ಅಜ್ಜಿ ಎಂದ. ಮನಸ್ಸಿನಲ್ಲಿ ಮಾತ್ರ, ಮತ್ತೆ ಕೀಳಬೇಕು, ಮತ್ತೆ ಮಣ್ಣು ಕಲಸಬೇಕು ಎಂದು ಬೈದುಕೊಂಡ.

ಅಧ್ಯಕ್ಷ ವಿಷಯಕ್ಕೆ ಬಂದ. ಸಣ್ಣಪ್ಪ ಇದ್ದನೋ ಇಲ್ಲವೋ ಅಷ್ಟು ಹೇಳಿಬಿಡು ಅಂದ. ಅಜ್ಜಿ ಕುಟ್ಟುವುದನ್ನು ಬಿಟ್ಟು ಕೈ ಒರೆಸಿಕೊಂಡಳು.

"ನಾನು ಈ ಊರಿಗೆ ಬಂದಿದ್ದೇ ಆ ವರ್ಷ. ತಲೆ ಮೇಲೆ ಸೆರಗು. ಕಟ್ಕೊಂಡ ಗಂಡನ್ನೇ ಇನ್ನೂ ನೆಟ್ಟಗೆ ನೋಡಿರಲಿಲ್ಲ. ಇನ್ನು ಊರೋರನ್ನ ಏನು ನೋಡ್ತೀನಿ? ಬುಟ್ಟಿ ಕೊಡೋದು, ಖಾಲಿ ಬುಟ್ಟಿ ಇಸ್ಕಳೋದು. ಎಲ್ರೂ ನೀರಿನ ಕಡೆ ತಿರುಗಿದ್ರು. ನಾನು ನೋಡಿದ್ದು ಬರೀ ಬೆನ್ನು."

"ಅದ್ರಲ್ಲಿ ಸಣ್ಣಪ್ಪನ ಬೆನ್ನು ಇತ್ತಾ ಅಂತ ಅವರು ಕೇಳೋದು," ಅಂದ ನಾಗೇಂದ್ರಪ್ಪ.

"ಬೆನ್ನಿನ ಮೇಲೆ ಹೆಸರು ಬರ್ಕೊಂಡಿರ್ತಾರೇನೋ? ಇದ್ದಿರಬೋದು, ಇಲ್ದೇನೂ ಇರಬೋದು. ಈ ಅಧ್ಯಕ್ಷನ ಅಜ್ಜನೂ ಅಷ್ಟೇ."

ಕೊನೆಯ ಮಾತು ಅಧ್ಯಕ್ಷನಿಗೆ ಕೇಳಿಸಿದರೂ ಕೇಳಿಸದವನಂತೆ ಎದ್ದ. ಜಗಲಿ ಇಳಿಯುತ್ತ ನಾಗೇಂದ್ರಪ್ಪನ ಹೆಗಲ ಮೇಲೆ ಕೈ ಹಾಕಿದ. "ಹೋಗ್ಲಿ ಬಿಡಪ್ಪ. ನೀನೂ ಇಷ್ಟು ಕಷ್ಟಪಟ್ಟಿದೀಯ. ನಿಮ್ಮಪ್ಪನ್ನೂ ಒಂದು ಮೂಲೇಲಿ ನಿಲ್ಲಿಸ್ಕೋ. ನಾವೇನೂ ಅನ್ನಲ್ಲ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಿರಬಹುದು. ಆದರೆ ಆ ದನಿಯನ್ನು ನಾಗೇಂದ್ರಪ್ಪ ಚಿಕ್ಕವನಿದ್ದಾಗಿನಿಂದಲೇ ಬಲ್ಲ. ಮದುವೆ ಮನೆಯಲ್ಲಿ ಎಲ್ಲರ ಊಟ ಮುಗಿದ ಮೇಲೆ, ಹಿತ್ತಲ ಬಾಗಿಲಲ್ಲಿ ಪಾತ್ರೆ ಹಿಡಿದು ನಿಂತ ಅವ್ವನಿಗೆ, ಪಾಪ ಇವಳಿಗೂ ಒಂದಿಷ್ಟು ಹಾಕಿ ಅನ್ನುತ್ತಿದ್ದ ದನಿ. ಇಲ್ಲ ಅಂದಿದ್ದರೆ ಅವನು ಜಗಳವಾಡುತ್ತಿದ್ದ. ಹೌದು ಅಂದಿದ್ದರೆ ಕೈಮುಗಿಯುತ್ತಿದ್ದ. ಇದಕ್ಕೆ ಏನು ಮಾಡುವುದು? ಪೆಟ್ಟಿಗೆಯೊಳಗೆ ಕೈ ಹಾಕಿ, ಎದೆಮಟ್ಟದ ನೀರಿನಿಂದ ಸಣ್ಣಪ್ಪನನ್ನು ಲಟಕ್ಕನೆ ಕಿತ್ತು ಜೇಬಿಗೆ ಇಳಿಸಿದ. "ಬ್ಯಾಡ ಬಿಡ್ರಿ. ನಮ್ಮಪ್ಪಗೆ ಮೂಲೆ ಬ್ಯಾಡ," ಎಂದಷ್ಟೇ ಹೇಳಿ ಪೆಟ್ಟಿಗೆಯನ್ನು ಆಟೋಗೆ ಹೇರಿದ.

ಕೆಲಸ ಬಿಟ್ಟುಬಿಡುತ್ತೇನೆ ಎಂದು ಮನೆಯಲ್ಲಿ ಕೂಗಾಡಿದ. ಆದರೆ ಅಜ್ಜಿಗೆ ಕೊಟ್ಟ ಮಾತಿತ್ತು. ಹೆಂಗಸರ ಸಾಲನ್ನು ಮಾಡಿದ, ಕೈಯಿಂದ ಕೈಗೆ ಬುಟ್ಟಿ ದಾಟಿಸುವಂತೆ. ಗಂಡಸರ ಹಿಂದೆ ಅವರನ್ನು ನಿಲ್ಲಿಸಿ ಮಣ್ಣು ಮೆತ್ತಿದ. ನಡುವೆ ಅಪ್ಪ ನಿಂತಿದ್ದ ಜಾಗ ಹಾಗೇ ಇತ್ತು. ಅದನ್ನು ಮುಚ್ಚಲು ಅಕ್ಕಪಕ್ಕದವರನ್ನು ಸರಿಸಬೇಕಿತ್ತು. ಕೈ ಬರಲಿಲ್ಲ. ನೀವು ನಡುವೆ ಬೇಡವೆಂದಿರಿ, ಬರಿದೇ ಇರಲಿ, ನೋಡಿಕೊಳ್ಳಿ ಅನ್ನುವ ಹಟವೋ, ಸುಸ್ತೋ, ಅವನಿಗೂ ಸರಿಯಾಗಿ ತಿಳಿಯದು. ಉದ್ಘಾಟನೆಯ ಬೆಳಗ್ಗೆ ಪೆಟ್ಟಿಗೆಯನ್ನು ಗೋಡೆಗೆ ಕೂರಿಸಿದ. ಬಡಗಿ ಕೊಟ್ರೇಶ್ ಗಾಜು ಇಟ್ಟು ಸುತ್ತಲೂ ಸಿಲಿಕಾನ್ ಗಮ್ಮು ಹೊಡೆದ. ಅಧ್ಯಕ್ಷ ಶಾಮಿಯಾನದವನ ಜೊತೆ ಜಗಳದಲ್ಲಿದ್ದುದರಿಂದ ಇತ್ತ ಬಂದು ನೋಡಲೇ ಇಲ್ಲ.

ದಾವಣಗೆರೆಯಿಂದ ನೀರಾವರಿ ಇಂಜಿನಿಯರ್ ಬಂದರು, ಶಿವಲೀಲಾ ಎಂದು ಹೆಸರು. ಭಾಷಣ, ಶಾಲು, ಹಾರ ಎಲ್ಲ ಮುಗಿದು ಪೆಟ್ಟಿಗೆಯ ಪರದೆ ಸರಿಸಿದರು. ಜನ ಚಪ್ಪಾಳೆ ಹೊಡೆದು ತಮ್ಮ ತಮ್ಮ ಅಜ್ಜಂದಿರನ್ನು ತೋರಿಸಲು ನುಗ್ಗಿದರು. ಸಿದ್ದಲಿಂಗಮ್ಮ ಸಹ ಕೋಲೂರಿಕೊಂಡು ಬಂದು ಬುಟ್ಟಿ ಹೊತ್ತವರನ್ನು ನೋಡಿ, ಸೀರೆ ಇಷ್ಟು ಚೊಕ್ಕ ಇರಲಿಲ್ಲ ಎಂದಳು. ನಾಗೇಂದ್ರಪ್ಪ ಕಂಬಕ್ಕೆ ಒರಗಿ ಹಿಂದೆಯೇ ನಿಂತಿದ್ದ. ಇಂಜಿನಿಯರಮ್ಮ ಮಾತ್ರ ಅಜ್ಜಂದಿರನ್ನು ನೋಡುತ್ತಿರಲಿಲ್ಲ. ಏರಿಯನ್ನು ನೋಡುತ್ತಿದ್ದರು. ಕನ್ನಡಕ ಮೇಲೆತ್ತಿ ಗಾಜಿಗೆ ಬೆರಳಿಟ್ಟರು.

"ಇಲ್ಲಿ ಯಾಕೆ ಖಾಲಿ ಬಿಟ್ಟಿದೀರಿ? ಒಬ್ಬ ಆಳಿನಷ್ಟು ಸಂದಿ ಸಾಕು, ನೀರು ಅಲ್ಲೇ ನುಗ್ಗುತ್ತೆ. ಹಿಂಗಿದ್ದಿದ್ರೆ ಏರಿ ಉಳೀತಿರಲಿಲ್ಲ. ಇವರೆಲ್ಲಾ ಕೊಚ್ಚಿಕೊಂಡು ಹೋಗಿರ್ತಿದ್ರು."

ಗುರುಬಸವರಾಜ್ ಆಗ ಸಂದಿಯನ್ನು ಕಂಡ. ಅವನ ಮುಖದ ಮೇಲೆ ಒಂದಾದ ಮೇಲೊಂದು ಏನೇನು ಹಾದುಹೋಯಿತು ಎಂಬುದನ್ನು ನಾಗೇಂದ್ರಪ್ಪ ಕಂಬದ ಬಳಿಯಿಂದಲೇ ನೋಡಿದ. ಅಲ್ಲಿ ಯಾರೂ ಇರಲಿಲ್ಲ ಅಂದರೆ ನೀರು ನಿಲ್ಲಲಿಲ್ಲ ಅಂದಹಾಗೆ. ನೀರು ನಿಲ್ಲಲಿಲ್ಲ ಅಂದರೆ ಕೈ ಚಾಚಿ ಅಪ್ಪಣೆ ಕೊಡುತ್ತಿರುವ ಅಜ್ಜ, ಜರಿಪೇಟದ ಅಜ್ಜ, ಕೈಗಡಿಯಾರದ ತಾತ, ಎಲ್ಲರೂ ಸುಳ್ಳು ಅಂದಹಾಗೆ. ಹಿಂದೆ ಅವರ ಮೊಮ್ಮಕ್ಕಳೆಲ್ಲ ಕಿವಿ ತೆರೆದು ನಿಂತಿದ್ದಾರೆ. ಅಧ್ಯಕ್ಷ ಶಾಲು ಸರಿಮಾಡಿಕೊಂಡ.

"ಅಲ್ಲಿ ನೀರುಗಂಟಿ ನಿಂತಿದ್ದ, ಮೇಡಂ. ನಮ್ಮ ಸಣ್ಣಪ್ಪ."

ಒಬ್ಬ ಬಾಯಿಬಿಟ್ಟದ್ದೇ ತಡ, ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಎದೆಮಟ್ಟ ನೀರಲ್ಲಿ ನಿಂತಿದ್ದ ಅಂದ ಪಾಲಣ್ಣ. ನ್ಯಾಮತಿಯಿಂದ ಓಡಿಬಂದಿದ್ದನಂತೆ ಅಂದ ಇನ್ನೊಬ್ಬ. ಅವನು ನಿಲ್ಲದಿದ್ದರೆ ಊರೇ ಇರುತ್ತಿರಲಿಲ್ಲ ಎಂದ ಮೂರನೆಯವನು, ತನ್ನದೇ ಫೋಟೋ ಕೊಟ್ಟು ಅಜ್ಜನನ್ನು ಮಾಡಿಸಿಕೊಂಡವನು. ಅವ್ವ ಕಳೆ ಕೀಳುತ್ತ ಹೇಳಿದ ಮಾತುಗಳೇ ಅವು, ಒಂದಕ್ಷರ ಆಚೀಚೆ ಇಲ್ಲ. ಅಂದರೆ ಆಗ ಹ್ಞೂಂ ಅಂದವರ ಕಿವಿಗೆ ಅಷ್ಟೂ ಬಿದ್ದಿತ್ತು.

ನಾಗೇಂದ್ರಪ್ಪ ಇದಕ್ಕಾಗಿ ಕಾದದ್ದು ಒಂದು ಆಯಸ್ಸು. ಈಗ ಬಂತಲ್ಲ ಅಂದರೆ ಸಂತೋಷಕ್ಕಿಂತ ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ಈ ನಾಲಿಗೆಗಳು ಎಲ್ಲಿದ್ದವು? ತಮ್ಮ ಅಜ್ಜಂದಿರಿಗೆ ಹೇಳಿದಷ್ಟೇ ಸಲೀಸಾಗಿ ನನ್ನ ಅಪ್ಪನಿಗೂ ಹೇಳುತ್ತಿದ್ದಾರೆ. ಅದು ನಿಜವೋ ಇದು ನಿಜವೋ, ಇನ್ನು ಯಾರನ್ನು ಕೇಳಿದರೂ ತಿಳಿಯುವಂತಿಲ್ಲ.

ನೀರುಗಂಟಿ ಎಲ್ಲಿ ಹಾಗಾದರೆ ಎಂದು ಇಂಜಿನಿಯರಮ್ಮ ಕೇಳಿದರು. ಅಧ್ಯಕ್ಷ ಸುತ್ತಲೂ ನೋಡಿ ನಾಗೇಂದ್ರಪ್ಪನನ್ನು ಕಂಡುಹಿಡಿದ. ಕಣ್ಣಲ್ಲೇ ಬೇಡಿಕೊಂಡ. ನಾಗೇಂದ್ರಪ್ಪ ಜಾಗ ಬಿಟ್ಟು ಕದಲಲಿಲ್ಲ. ಕದಲಿದವಳು ಅಂಜಮ್ಮ. ಹೆಂಗಸರ ನಡುವಿನಿಂದ ಎದ್ದು ಬಂದು, ಚೀಲದಿಂದ ಕರವಸ್ತ್ರದ ಗಂಟು ತೆಗೆದು ಗಂಡನ ಕೈಗೆ ಇಟ್ಟಳು. ಅವನು ಆವತ್ತು ಜೇಬಿನಿಂದ ತೆಗೆದು ಬಿಸಾಡಿದ್ದ ಸಣ್ಣಪ್ಪನನ್ನು ಅವಳು ಎತ್ತಿಟ್ಟಿದ್ದಳು.

"ಸಿಟ್ಟು ನಾಳೆ ಮಾಡ್ಕಳಿ," ಅಂದಳು. "ಈಗ ನಿಲ್ಸಿ."

ಕೊಟ್ರೇಶ್ ತಕರಾರು ತೆಗೆದ. ಗಮ್ಮು ಈಗ ತಾನೇ ಹಿಡಿದಿದೆ, ಕುಯ್ದರೆ ಗಾಜು ಸೀಳಿದರೂ ಸೀಳೀತು, ಇನ್ನೊಂದು ದಿನ ಮಾಡೋಣ ಎಂದ. ಅಧ್ಯಕ್ಷನಿಗೂ ಅದೇ ಸರಿಯೆನ್ನಿಸಿತು. ನಾಗೇಂದ್ರಪ್ಪ ಬ್ಲೇಡನ್ನು ಕೊಟ್ರೇಶನ ಕೈಯಿಂದ ತಾನೇ ತೆಗೆದುಕೊಂಡ. ಗಾಜಿನ ಸುತ್ತ ಬ್ಲೇಡು ಎಳೆದ. ವಸಡಿಗೆ ಅಂಟಿದ ಸೆಟ್ಟನ್ನು ಎಷ್ಟೋ ಬಾಯಿಗಳಿಂದ ಬಿಡಿಸಿದ ಕೈ ಅದು. ಒಂದು ಮೂಲೆ ಚಿಟ್ಟೆಂದು ಸೀಳಿದ್ದು ಬಿಟ್ಟರೆ ಗಾಜು ಹಾಗೇ ಬಂತು. ಸಣ್ಣಪ್ಪನನ್ನು ಅವನ ಹಳೆಯ ಗುಳಿಗೆ ಇಳಿಸಿ ಬುಡಕ್ಕೆ ಮೇಣ ಒತ್ತಿದ. ಅಕ್ಕಪಕ್ಕದವರ ಹೆಗಲು ಸರಿಯಾಗಿ ತಾಗಿತು.

ಇಂಜಿನಿಯರಮ್ಮ ಈಗ ಸರಿ ಎಂದು ಕಾಫಿಗೆ ಹೋದರು. ಜನವೂ ಅವರ ಹಿಂದೆ ಹೋದರು. ಗುರುಬಸವರಾಜ್ ಮಾತ್ರ ಉಳಿದು, ಬಗ್ಗಿ, ತಲೆ ಅತ್ತ ಇತ್ತ ಮಾಡಿ ನೋಡಿದ. ಸುತ್ತ ಇರುವವರೆಲ್ಲ ಬಾಚಿದ ತಲೆ, ತೀಡಿದ ಮೀಸೆ. ನಡುವೆ ಒಂದು ಗೋಣಿಚೀಲ.

"ಎಲ್ಲಾ ಸರಿ, ನಾಗೇಂದ್ರಪ್ಪ. ನಿಮ್ಮಪ್ಪನ ಮುಖಾನೇ ಕಾಣಲ್ವಲ್ಲ. ಆ ಕೊಪ್ಪೆ ಒಂಚೂರು ಮೇಲಕ್ಕೆ ಸರಿಸಿದ್ರೆ?"

ನಾಗೇಂದ್ರಪ್ಪ ಗಾಜನ್ನು ಎತ್ತಿ ಮತ್ತೆ ಅದರ ಜಾಗಕ್ಕೆ ಒತ್ತಿ ಹಿಡಿದ. ಗಮ್ಮು ತರಲು ಕೊಟ್ರೇಶನಿಗೆ ಸನ್ನೆ ಮಾಡಿದ.

"ಮಳೆ ಬರ್ತಿತ್ತು, ಅಧ್ಯಕ್ಷರೇ," ಅಂದ.